ಹವ್ಯಾಸಿ ಛಾಯಾಗ್ರಾಹಕನ ಪಂಚಾಂಗ

ಹೊಸದಾಗಿ ಕ್ಯಾಮೆರಾ ಕೊಂಡವರು ಎಲ್ಲಿಗೆ ಹೋಗಬೇಕೆಂದು ಕೇಳುತ್ತಾರೆ. ಯಾವಾಗ ಹೋಗಬೇಕೆಂದು ಕೇಳುವವರು ವಿರಳ. ಜೋಗ, ಹಂಪೆ, ಆಗುಂಬೆ, ಮುಳ್ಳಯ್ಯನಗಿರಿ ಎಂಬ ಪ್ರಸಿದ್ಧ ಸ್ಥಳಗಳ ಪಟ್ಟಿಯನ್ನು ಹಿಡಿದು ಹೊರಟವನು, ರಜೆಯ ಎರಡು ದಿನಗಳಲ್ಲಿ ಆಕಾಶವು ಯಾವ ಬೆಳಕನ್ನು ದಯಪಾಲಿಸಿತೋ ಅದನ್ನೇ ಪ್ರಸಾದವೆಂದು ಸ್ವೀಕರಿಸಿ ಹಿಂದಿರುಗಬೇಕಾಗುತ್ತದೆ. ಮನೆಯಿಂದ ಒಂದು ಗಂಟೆಯ ಹಾದಿಯಲ್ಲಿರುವ ಕೆರೆಯೊಂದನ್ನೋ ಗುಡ್ಡವೊಂದನ್ನೋ ಚೈತ್ರದಿಂದ ಫಾಲ್ಗುಣದವರೆಗೆ ಬಿಡದೆ ಕಂಡುಬರುವ ಹವ್ಯಾಸಿಗೆ ಈ ದೈನ್ಯವಿಲ್ಲ. ಇಂದು ಮೋಡ ಕವಿದಿದ್ದರೆ ಮುಂದಿನ ಭಾನುವಾರ ಬರಬಹುದು, ಈ ವರ್ಷ ಕೆರೆ ತುಂಬದಿದ್ದರೆ ಬರುವ ವರ್ಷ ಬರಬಹುದು. ಮತ್ತೆ ಬರಬಲ್ಲೆನೆಂಬ ಈ ಅನುಕೂಲವೇ ಅವನ ನಿಜವಾದ ಬಂಡವಾಳ. ಎಷ್ಟೇ ಬೆಲೆಬಾಳುವ ಲೆನ್ಸೂ ಅದರ ಮುಂದೆ ಗೌಣವಾದುದು. ಅಮೆರಿಕದ ಆನ್ಸೆಲ್ ಆಡಮ್ಸ್ 1916ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಯೊಸೆಮಿಟಿ ಕಣಿವೆಯನ್ನು ಮೊದಲ ಬಾರಿಗೆ ಕಂಡು, 1984ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಗೆ ಹಿಂದಿರುಗುತ್ತಲೇ ಇದ್ದರು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ನೆಲೆಸಿ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಕಾದು ಚಿತ್ರಿಸಿದರು.

ಇಂತಹ ಪುನರಾಗಮನಕ್ಕೆ ಒಂದು ವರ್ಷದ ಕ್ರಮವನ್ನು ಸೂಚಿಸುವುದು ಈ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಮಂಡ್ಯ ಜಿಲ್ಲೆಯ ಪಾಂಡವಪುರದ ಸುತ್ತಲಿನ ಸೀಮೆಯನ್ನು ಆರಿಸಿಕೊಂಡಿದೆ. ಬೇರೆ ಸೀಮೆಯವರು ಹೆಸರುಗಳನ್ನು ಬದಲಾಯಿಸಿಕೊಂಡು ಕ್ರಮವನ್ನು ಉಳಿಸಿಕೊಳ್ಳಬಹುದು.

ಕ್ಷೇತ್ರದ ಆಯ್ಕೆ

ಒಳ್ಳೆಯ ಕ್ಷೇತ್ರದಲ್ಲಿ ಮೂರು ಅಂಶಗಳಿರಬೇಕು: ನೋಟಕ್ಕೆ ಎತ್ತರವಾದ ಒಂದು ತಾಣ, ಆಕಾಶವನ್ನು ಪ್ರತಿಫಲಿಸುವ ನೀರು, ಋತುವಿಗೆ ತಕ್ಕಂತೆ ಬಣ್ಣ ಬದಲಿಸುವ ಬೇಸಾಯದ ನೆಲ. ಪಾಂಡವಪುರದ ಸೀಮೆಯಲ್ಲಿ ಈ ಮೂರೂ ಹತ್ತಿರ ಹತ್ತಿರದಲ್ಲೇ ದೊರೆಯುತ್ತವೆ. ಊರಿನ ಮಗ್ಗುಲಲ್ಲೇ ಬಂಡೆಗಳ ರಾಶಿಯಾದ ಕುಂತಿಬೆಟ್ಟವಿದೆ. ಉತ್ತರಕ್ಕೆ, ಯೋಗನರಸಿಂಹನ ಬೆಟ್ಟವೂ ಅದರ ಕೆಳಗೆ ಮಂಟಪಗಳಿಂದ ಸುತ್ತುವರಿದ ಕಲ್ಯಾಣಿಯೂ ಪೂರ್ಣಗೊಳ್ಳದೆ ನಿಂತ ರಾಯಗೋಪುರವೂ ಇರುವ ಮೇಲುಕೋಟೆಯಿದೆ. ಗುಡ್ಡಗಳ ನಡುವೆ ತಿಳಿನೀರಿನ ತೊಣ್ಣೂರು ಕೆರೆಯಿದೆ. ಇವೆಲ್ಲದರ ಕೆಳಗೆ ಕನ್ನಂಬಾಡಿ ಅಣೆಕಟ್ಟಿನ ನೀರನ್ನು ಹೊತ್ತು ಹರಿಯುವ ವಿಶ್ವೇಶ್ವರಯ್ಯ ನಾಲೆಯೂ ಅದರ ಆಶ್ರಯದ ಭತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಹರಡಿಕೊಂಡಿವೆ.

ಕ್ಷೇತ್ರವನ್ನು ಆರಿಸಿದ ಮೇಲೆ ಮೊದಲ ಭೇಟಿಯಲ್ಲಿ ಚಿತ್ರ ತೆಗೆಯುವ ಆತುರವನ್ನು ಬಿಟ್ಟು, ಹಗಲಿನ ಬಿಸಿಲಿನಲ್ಲಿಯೇ ಸುತ್ತಾಡಿ, ನಿಲ್ಲಲು ಯೋಗ್ಯವಾದ ಐದಾರು ತಾಣಗಳನ್ನು ಗುರುತುಮಾಡಿಕೊಳ್ಳತಕ್ಕದ್ದು. ಕೆರೆಯ ಏರಿಯ ಮೇಲಿನ ಒಂದು ಕಲ್ಲು, ಬೆಟ್ಟದ ಮೆಟ್ಟಲಿನ ಒಂದು ತಿರುವು, ನಾಲೆಯ ಮೇಲಿನ ಒಂದು ಸೇತುವೆ, ಹೀಗೆ. ನಸುಕಿನ ಕತ್ತಲಿನಲ್ಲಿ ತಾಣವನ್ನು ಹುಡುಕುತ್ತ ತಡವರಿಸುವವನಿಗೆ ಬೆಳಕು ಕಾಯುವುದಿಲ್ಲ.

ಗೋಡೆಯ ಕ್ಯಾಲೆಂಡರಿನ ಉಪಯೋಗ

ಪ್ರತಿ ಮನೆಯ ಗೋಡೆಯಲ್ಲಿಯೂ ತೂಗುವ ಕನ್ನಡ ಕ್ಯಾಲೆಂಡರು ಛಾಯಾಗ್ರಾಹಕನಿಗೆ ಬೇಕಾದ ಮೂರು ಸಂಗತಿಗಳನ್ನು ಒಟ್ಟಿಗೆ ಒದಗಿಸುತ್ತದೆ: ಸೂರ್ಯೋದಯ, ತಿಥಿ, ಮಳೆನಕ್ಷತ್ರ.

ಮೊದಲನೆಯದು ಸೂರ್ಯನದು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂಬುದು ಸ್ಥೂಲವಾದ ಮಾತು. ನಮ್ಮ ಅಕ್ಷಾಂಶದಲ್ಲಿ ಅವನು ಜೂನ್ ತಿಂಗಳಿನಲ್ಲಿ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದು ಉದಯಿಸುತ್ತಾನೆ. ಮುಂದಕ್ಕೆ ಚಾಚಿದ ತೋಳಿನ ಮುಷ್ಟಿ ಸುಮಾರು 10 ಡಿಗ್ರಿಯಷ್ಟು ಅಗಲವನ್ನು ಮರೆಮಾಡುವುದರಿಂದ, ಆರು ತಿಂಗಳ ಈ ಪಲ್ಲಟ ದಿಗಂತದ ಮೇಲೆ ಐದು ಮುಷ್ಟಿಗಳಷ್ಟು ಎಂದು ಎಣಿಸಿಕೊಳ್ಳಬಹುದು. ಒಂದು ಗೋಪುರದ ಹಿಂದೆ ಅಥವಾ ಎರಡು ಬಂಡೆಗಳ ಸಂಧಿಯಲ್ಲಿ ಸೂರ್ಯ ಮೂಡಬೇಕೆಂದು ಬಯಸುವವನು ಅದು ಯಾವ ತಿಂಗಳಿನಲ್ಲಿ ಸಾಧ್ಯವೆಂಬುದನ್ನು ದಿಕ್ಸೂಚಿಯನ್ನು ಹಿಡಿದು ಮುಂಚಿತವಾಗಿಯೇ ನಿರ್ಣಯಿಸಬಲ್ಲನು. ಏಪ್ರಿಲ್ ಕೊನೆಯ ವಾರದ ಸುಮಾರಿಗೂ ಆಗಸ್ಟ್ ಮೂರನೆಯ ವಾರದ ಸುಮಾರಿಗೂ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವೆ ಅವನು ಮಧ್ಯಾಹ್ನದಲ್ಲಿ ಉತ್ತರದ ಕಡೆಗಿರುತ್ತಾನೆ. ಡಿಸೆಂಬರಿನಲ್ಲಾದರೋ ನಡುಹಗಲಿನಲ್ಲೂ ಅವನ ಎತ್ತರ ಸುಮಾರು 54 ಡಿಗ್ರಿಯಷ್ಟೇ. ಆದುದರಿಂದ ಚಳಿಗಾಲದಲ್ಲಿ ನೆರಳುಗಳು ಉದ್ದವಾಗಿದ್ದು, ಬೆಳಗಿನ ಒಳ್ಳೆಯ ಬೆಳಕು ಒಂಬತ್ತು ಗಂಟೆಯವರೆಗೂ ಉಳಿಯುತ್ತದೆ. ವೈಶಾಖದಲ್ಲಿ ಏಳೂವರೆಯ ಹೊತ್ತಿಗೇ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುವುದು ಲೇಸು. ಸಂಜೆಯ ಬೆಳಕೂ ನಮ್ಮಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸೂರ್ಯಾಸ್ತದ ತರುವಾಯ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಆಟ ಮುಗಿಯುತ್ತದೆ. ಆದರೆ ಆ ಇಪ್ಪತ್ತು ನಿಮಿಷಗಳಲ್ಲಿಯೇ ಆಕಾಶದ ಅತ್ಯುತ್ತಮ ವರ್ಣಗಳು ಹೊಮ್ಮುತ್ತವೆಯಾದುದರಿಂದ, ಸೂರ್ಯ ಮುಳುಗಿದೊಡನೆ ಗಂಟುಮೂಟೆ ಕಟ್ಟಬಾರದು.

ಎರಡನೆಯದು ತಿಥಿ. ಹುಣ್ಣಿಮೆಯ ಚಂದ್ರ ಸೂರ್ಯಾಸ್ತದ ಹೊತ್ತಿಗೆ ಉದಯಿಸುತ್ತಾನಾದರೂ ಅವನು ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟರಲ್ಲಿ ನೆಲವು ಕತ್ತಲಾಗಿರುತ್ತದೆ. ಹಿಂದಿನ ದಿನ, ಎಂದರೆ ಚತುರ್ದಶಿಯ ಸಂಜೆ, ಚಂದ್ರನು ಸೂರ್ಯ ಮುಳುಗುವುದಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂಚೆಯೇ ಮೇಲೇರಿರುವುದರಿಂದ, ಬೆಟ್ಟದ ಮೇಲಿನ ಕೆಂಬಿಸಿಲೂ ಚಂದ್ರಬಿಂಬವೂ ಒಂದೇ ಎಕ್ಸ್‌ಪೋಷರಿನಲ್ಲಿ ಒದಗುತ್ತವೆ. ಮೂರನೆಯದಾದ ಮಳೆನಕ್ಷತ್ರಗಳನ್ನು ಬೇಸಾಯಗಾರರಿಂದ ಎರವಲು ಪಡೆಯಬೇಕು. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮೊದಲಾಗಿ ಒಂದೊಂದೂ ಹದಿಮೂರು ಹದಿನಾಲ್ಕು ದಿನಗಳಷ್ಟಿರುವ ಈ ವಿಭಾಗ ನೆಲದ ಸ್ಥಿತಿಯನ್ನು ಇಂಗ್ಲಿಷ್ ತಿಂಗಳುಗಳಿಗಿಂತ ಸೂಕ್ಷ್ಮವಾಗಿ ತಿಳಿಸುತ್ತದೆ.

ಸಲಕರಣೆ

ಈ ವಿಷಯವನ್ನು ಬೇಗ ಮುಗಿಸಬಹುದು. ಇರುವ ಕ್ಯಾಮೆರಾ ಸಾಕು; ಅದಕ್ಕೆ ಗಟ್ಟಿಯಾದ ಟ್ರೈಪಾಡ್ ಒಂದು, ಪೋಲರೈಸರ್ ಫಿಲ್ಟರ್ ಒಂದು, ಹೆಚ್ಚಿನ ಬ್ಯಾಟರಿಯೊಂದು, ಹಳೆಯ ಹತ್ತಿಬಟ್ಟೆಯೊಂದು ಜೊತೆಗಿರಲಿ. ಭೂದೃಶ್ಯಕ್ಕೆ ಅಪರ್ಚರನ್ನು ಎಫ್/8 ರಿಂದ ಎಫ್/11 ರ ನಡುವೆ, ಐಎಸ್ಒವನ್ನು 100ರಲ್ಲಿ ಇರಿಸಿ, ಷಟರಿನ ವೇಗವನ್ನು ಬೆಳಕಿಗೆ ಬಿಟ್ಟರೆ ಬಹುಪಾಲು ಕೆಲಸ ಆದಂತೆಯೇ. ಎಫ್/22 ಕ್ಕೆ ಹೋದರೆ ಎಲ್ಲವೂ ಇನ್ನಷ್ಟು ಸ್ಫುಟವಾಗುವುದೆಂಬ ನಂಬಿಕೆ ಸರಿಯಲ್ಲ; ಅತಿ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಚಿತ್ರ ಮಂಕಾಗುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸನ್ನು ಎಫ್/11ರಲ್ಲಿಟ್ಟು ಸುಮಾರು ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ, ಒಂದು ಮೀಟರಿನಿಂದ ಮೊದಲುಗೊಂಡು ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಪೋಲರೈಸರು ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಹೆಚ್ಚು ಪರಿಣಾಮಕಾರಿ. ಒದ್ದೆ ಎಲೆಗಳ ಮೇಲಿನ ಹೊಳಪನ್ನು ಕಳೆದು ಹಸಿರನ್ನು ಹೊರತರುವುದು ಅದರ ಮುಖ್ಯ ಪ್ರಯೋಜನ.

ಮೊಬೈಲಿನಲ್ಲಿಯೇ ಚಿತ್ರ ತೆಗೆಯುವವರು ಲೆನ್ಸನ್ನು ಒರೆಸಿ, ಪರದೆಯ ಮೇಲಿನ ಗೀಟುಗಳ ಸಹಾಯದಿಂದ ದಿಗಂತವನ್ನು ಸಮಮಾಡಿ, ಆಕಾಶದ ಮೇಲೆ ಬೆರಳನ್ನೊತ್ತಿ ಹಿಡಿದು ಎಕ್ಸ್‌ಪೋಷರನ್ನು ಲಾಕ್ ಮಾಡಿ, ಎರಡು ಸೆಕೆಂಡಿನ ಟೈಮರನ್ನು ಬಳಸಿದರೆ ಫಲಿತಾಂಶ ಗಣನೀಯವಾಗಿ ಉತ್ತಮಗೊಳ್ಳುತ್ತದೆ.

ಅಶ್ವಿನಿಯಿಂದ ರೋಹಿಣಿಯವರೆಗೆ

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನ ಈ ಕಾಲ ಛಾಯಾಗ್ರಾಹಕರಿಂದ ಅಕಾರಣವಾಗಿ ನಿಂದೆಗೊಳಗಾದುದು. ಬಾನು ಧೂಳಿನಿಂದ ಬೆಳ್ಳಗಾಗಿ, ದೂರದ ಬೆಟ್ಟಗಳು ಮರೆಯಾಗಿ, ನೆಲ ಬಿರುಕು ಬಿಟ್ಟಿರುತ್ತದೆಂಬುದು ನಿಜ. ಆದರೆ ನೀರು ಹಿಂದೆ ಸರಿದ ಕೆರೆಯಂಗಳದ ರೇಖೆಗಳೂ ಕನ್ನಂಬಾಡಿಯ ಹಿನ್ನೀರು ಇಳಿದಾಗ ತೋರುವ ಬಯಲೂ ಈ ಕಾಲಕ್ಕೇ ಮೀಸಲು. ಹಿನ್ನೀರಿನಲ್ಲಿ ಮುಳುಗಿದ್ದು ಬರಗಾಲದಲ್ಲಿ ಮಾತ್ರ ತಲೆಯೆತ್ತುತ್ತಿದ್ದ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಈಗ ಹೊಸ ಕನ್ನಂಬಾಡಿಯ ಬಳಿ ದಂಡೆಗೆ ಸ್ಥಳಾಂತರಿಸಿ ನಿಲ್ಲಿಸಿದ್ದಾರೆ. ನೀರಿನ ಮಟ್ಟಕ್ಕೆ ತಕ್ಕಂತೆ ಅದರ ಮುಂದಿನ ದೃಶ್ಯ ಬದಲಾಗುವುದನ್ನು ದಾಖಲಿಸುವುದೇ ಒಂದು ವರ್ಷದ ಅಭ್ಯಾಸವಾಗಬಲ್ಲದು. ಕಕ್ಕೆಯ ಹಳದಿಯೂ ಗುಲ್‌ಮೊಹರಿನ ಕೆಂಪೂ ಈ ಬರಡು ಬಣ್ಣದ ನಡುವೆ ಎದ್ದು ಕಾಣುತ್ತವೆ.

ಭರಣಿ ಕೃತ್ತಿಕೆಗಳಲ್ಲಿ ಸಂಜೆಯ ಗುಡುಗುಮಳೆ ಬಿದ್ದ ಮಾರನೆಯ ಬೆಳಗನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬಾರದು. ಧೂಳನ್ನೆಲ್ಲ ಮಳೆ ತೊಳೆದಿರುವುದರಿಂದ, ವಾರಗಟ್ಟಲೆ ಕಾಣದಿದ್ದ ಬೆಟ್ಟಸಾಲುಗಳು ಅಂದು ಬೆಳಗ್ಗೆ ಕೆಲವು ಗಂಟೆಗಳ ಕಾಲ ಸ್ಫುಟವಾಗಿ ತೋರುತ್ತವೆ. ಮಳೆ ಬರುತ್ತಿರುವಾಗಲಾದರೋ ಎಚ್ಚರ ಬೇಕು. ಮಿಂಚು ಕಂಡು ಮೂವತ್ತು ಸೆಕೆಂಡುಗಳ ಒಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆಯೆಂದು ತಿಳಿದು, ಏರಿಯನ್ನೂ ಬೆಟ್ಟದ ನೆತ್ತಿಯನ್ನೂ ಒಂಟಿ ಮರದ ಅಡಿಯನ್ನೂ ಬಿಟ್ಟು ಕೂಡಲೇ ಕಟ್ಟಡವನ್ನೋ ಕಾರನ್ನೋ ಸೇರಿಕೊಳ್ಳತಕ್ಕದ್ದು.

ಮೃಗಶಿರದಿಂದ ಮಘೆಯವರೆಗೆ

ಮುಂಗಾರೆಂದರೆ ಧಾರಾಕಾರ ಮಳೆಯೆಂದು ಭಾವಿಸುವುದು ಮಲೆನಾಡಿಗೆ ಸಲ್ಲುವ ಮಾತು. ಪಶ್ಚಿಮಘಟ್ಟಗಳು ಮೋಡಗಳ ಹೊರೆಯನ್ನು ತಾವೇ ಇಳಿಸಿಕೊಳ್ಳುವುದರಿಂದ, ಮಂಡ್ಯದ ಸೀಮೆಗೆ ಜೂನ್, ಜುಲೈಗಳಲ್ಲಿ ಬರುವುದು ಪಡುವಣ ಗಾಳಿ, ಓಡುವ ಮೋಡ, ಆಗಾಗ ತುಂತುರು. ಈ ಓಡುವ ಮೋಡಗಳೇ ನಮಗೆ ಬೇಕಾದವು. ಮೇಲುಕೋಟೆಯ ಬೆಟ್ಟದ ಮೆಟ್ಟಲಿನ ಮೇಲೆ ಟ್ರೈಪಾಡನ್ನು ಸಿದ್ಧಮಾಡಿ ಕುಳಿತರೆ, ಕೆಳಗಿನ ಬಯಲಿನ ಮೇಲೆ ಬಿಸಿಲಿನ ಒಂದು ತುಂಡು ಹೊಲದಿಂದ ಹೊಲಕ್ಕೆ ಸರಿದು, ಒಂದು ತೆಂಗಿನ ತೋಪನ್ನು ಬೆಳಗಿ ಬಿಟ್ಟು, ಊರಿನ ಮಾಳಿಗೆಗಳ ಮೇಲೆ ಹಾಯ್ದು, ಕಲ್ಯಾಣಿಯ ನೀರಿನ ಮೇಲೆ ಬಂದು ನಿಲ್ಲುವವರೆಗೆ ಕಾಯಬಹುದು. ನಿಲ್ಲುವುದು ಕೆಲವೇ ಸೆಕೆಂಡು. ಚೌಕಟ್ಟನ್ನು ಮೊದಲೇ ನಿಶ್ಚಯಿಸಿ, ಬಿಸಿಲು ಬಿದ್ದ ಭಾಗಕ್ಕೆ ಎಕ್ಸ್‌ಪೋಷರನ್ನು ಹೊಂದಿಸಿಟ್ಟುಕೊಂಡವನಿಗೆ ಮಾತ್ರ ಆ ಕ್ಷಣ ಕೈಗೆ ಸಿಗುತ್ತದೆ. ಗಾಳಿಗೆ ತೂಗುವ ಗರಿಗಳು ಮಸುಕಾಗದಿರಬೇಕಾದರೆ ಷಟರು 1/250 ಸೆಕೆಂಡಿಗೆ ಕಡಿಮೆಯಿರಬಾರದು. ಅದಕ್ಕಾಗಿ ಐಎಸ್ಒವನ್ನು 400ಕ್ಕೆ ಏರಿಸುವುದರಲ್ಲಿ ದೋಷವಿಲ್ಲ.

ಕೊಡಗಿನಲ್ಲಿ ಮಳೆ ಹಿಡಿದು, ಕನ್ನಂಬಾಡಿ ತನ್ನ ಪೂರ್ಣಮಟ್ಟವಾದ 124.80 ಅಡಿಯ ಕಡೆಗೆ ಏರತೊಡಗಿ, ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೇ ಹವ್ಯಾಸಿ ಜಾಗೃತನಾಗಬೇಕು. ಉತ್ತು ನೀರು ಕಟ್ಟಿದ ಗದ್ದೆ ನಾಟಿಯಾಗುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಆಕಾಶವನ್ನು ಸಂಪೂರ್ಣವಾಗಿ ಪ್ರತಿಬಿಂಬಿಸುತ್ತದೆ. ಸಸಿಗಳು ಬೇರುಬಿಟ್ಟು ತೆಂಡೆಯೊಡೆದ ಮೇಲೆ ಆ ಪ್ರತಿಬಿಂಬ ಮುಂದಿನ ವರ್ಷಕ್ಕೆ. ಬದುವಿನ ಮೇಲೆ ಮೊಣಕಾಲೂರಿ, ನೆಲಕ್ಕೆ ಅಡಿಯಷ್ಟೇ ಎತ್ತರದಲ್ಲಿ ಕ್ಯಾಮೆರಾವನ್ನಿಟ್ಟು, ಬಾಗಿ ಹರಿಯುವ ಬದುಗಳನ್ನೇ ಚಿತ್ರದ ರೇಖೆಗಳನ್ನಾಗಿ ಬಳಸಿಕೊಳ್ಳಬೇಕು. ಆಕಾಶಕ್ಕೂ ನೆಲಕ್ಕೂ ಬೆಳಕಿನ ಅಂತರ ಹೆಚ್ಚಾಗಿದ್ದರೆ, ಒಂದು ಚಿತ್ರವನ್ನು ಆಕಾಶಕ್ಕೂ ಇನ್ನೊಂದನ್ನು ನೆಲಕ್ಕೂ ಹೊಂದಿಸಿ ತೆಗೆದು ಆಮೇಲೆ ಕೂಡಿಸಬಹುದು. ಒಂದೇ ಚಿತ್ರ ಸಾಧ್ಯವೆಂದಾದರೆ ಬಿಳಿಯ ಮೋಡ ಕರಗಿಹೋಗದಂತೆ ಕಾಪಾಡಿಕೊಳ್ಳುವುದೇ ಮುಖ್ಯ.

ಮಘೆಯ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆ ಬೆಳೆಗೆ ಅನ್ವಯಿಸತಕ್ಕದ್ದೇ ಹೊರತು ಲೆನ್ಸಿಗಲ್ಲ. ತೇವಕಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಟ್ಟು, ಒಳಗಿನ ತೇವಾಂಶ ಶೇಕಡಾ 45 ರಿಂದ 50 ರ ಆಸುಪಾಸಿನಲ್ಲಿರುವಂತೆ ನೋಡಿಕೊಂಡರೆ ಈ ಭಯವಿಲ್ಲ. ಎಸಿ ಕಾರಿನಿಂದ ಹೊರಗೆ ತಂದ ಕ್ಯಾಮೆರಾವನ್ನು ತಕ್ಷಣ ತೆರೆಯದೆ, ಅರ್ಧ ಗಂಟೆ ಚೀಲದಲ್ಲಿಯೇ ಬಿಟ್ಟರೆ ಗಾಜಿನ ಮೇಲೆ ಹನಿಗಟ್ಟುವುದು ತಪ್ಪುತ್ತದೆ.

ಹುಬ್ಬೆಯಿಂದ ಸ್ವಾತಿಯವರೆಗೆ

ಈ ಜಿಲ್ಲೆಗೆ ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಆದುದರಿಂದ ಮಲೆನಾಡಿನ ಹಸಿರು ಆಷಾಢ, ಶ್ರಾವಣಗಳಲ್ಲಿ ತುಂಬಿ ತುಳುಕಿದರೆ, ಮೈದಾನದ ಹಸಿರು ತನ್ನ ಪರಾಕಾಷ್ಠೆಯನ್ನು ಮುಟ್ಟುವುದು ನವರಾತ್ರಿ ದೀಪಾವಳಿಗಳ ನಡುವೆ. ಜುಲೈನಲ್ಲಿ ಬಂದು ನೋಡಿ, ಇಲ್ಲಿ ಏನೂ ಇಲ್ಲವೆಂದು ಹಿಂದಿರುಗಿದವರು ಹಸ್ತ, ಚಿತ್ತೆಗಳಲ್ಲಿ ಒಮ್ಮೆ ಬರಬೇಕು. ಬೆಟ್ಟದ ಬಂಡೆಗಳ ಸಂದುಗಳಲ್ಲೆಲ್ಲ ಹುಲ್ಲು ಚಿಗುರಿ, ಕೆರೆಗಳು ತುಂಬಿ, ಗಾಳಿ ಶುಭ್ರವಾಗಿ, ಮಧ್ಯಾಹ್ನದ ಮೇಲೆ ಎತ್ತರವಾದ ಬಿಳಿಮೋಡಗಳು ಪೇರಿಕೊಳ್ಳುವ ಈ ಕಾಲ ವರ್ಷದ ಪೈಕಿ ಅತ್ಯಂತ ಉದಾರವಾದುದು. ಖುಷ್ಕಿ ಹೊಲಗಳಲ್ಲಿ ರಾಗಿಯ ಸಾಲುಗಳ ನಡುವೆ ಹುಚ್ಚೆಳ್ಳು ಹಳದಿಯಾಗಿ ಹೂಬಿಡುವುದೂ ಈ ದಿನಗಳಲ್ಲೇ.

ತೊಣ್ಣೂರು ಕೆರೆಯ ಪ್ರತಿಬಿಂಬಕ್ಕೆ ಗಾಳಿ ನಿಂತಿರಬೇಕು. ಗಾಳಿ ನಿಲ್ಲುವುದು ಸಾಮಾನ್ಯವಾಗಿ ಸೂರ್ಯೋದಯದ ಹಿಂದುಮುಂದಿನ ಅರ್ಧ ಗಂಟೆಯಲ್ಲಿ. ನೀರು ಕದಡಿದ್ದರೆ ಅಂದು ವಿಶಾಲ ದೃಶ್ಯವನ್ನು ಬಿಟ್ಟು, ದಂಡೆಯ ಕಲ್ಲುಗಳಿಗೆ ಅಲೆ ಬಡಿಯುವುದನ್ನು ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡುಗಳ ನಿಧಾನ ಷಟರಿನಲ್ಲಿ ಹಿಡಿಯಬಹುದು. ಕೋಡಿಯಲ್ಲಿ ನೀರು ಬೀಳುತ್ತಿದ್ದರೆ ಅದಕ್ಕೂ ಇದೇ ವಿಧಾನ. ಹನಿ ಹನಿಯಾಗಿ ಕಾಣಬೇಕೆಂದರೆ 1/500 ಸೆಕೆಂಡು.

ಮಂಜಿನ ತಿಂಗಳುಗಳು

ಸ್ವಾತಿ, ವಿಶಾಖಗಳು ಕಳೆದು ಮಳೆಗಾಲ ಹಿಂದೆ ಸರಿದ ಮೇಲೆ, ಮಾರ್ಗಶಿರ, ಪುಷ್ಯಗಳ ನಿರಭ್ರವಾದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೀರಾವರಿಯ ತೇವವಿರುವ ತಗ್ಗಿನ ಗದ್ದೆಗಳ ಮೇಲೆ ಆಗ ಮಂಜು ಕೂರುತ್ತದೆ. ಕುಂತಿಬೆಟ್ಟದಂಥ ಎತ್ತರದಿಂದ ನೋಡಿದರೆ ತೆಂಗಿನ ತಲೆಗಳು ಮಾತ್ರ ಅದರ ಮೇಲೆ ಕಾಣುತ್ತವೆ. ಇಲ್ಲಿ ಅಗಲದ ಲೆನ್ಸಿಗಿಂತ 70–200 ಮಿ.ಮೀ. ಟೆಲಿ ಲೆನ್ಸು ಹೆಚ್ಚು ಪ್ರಯೋಜನಕಾರಿ. ಒಂದರ ಹಿಂದೊಂದರಂತೆ ತೆಳುವಾಗುತ್ತ ಹೋಗುವ ಮರಸಾಲುಗಳನ್ನು ಅದು ಹತ್ತಿರ ಹತ್ತಿರ ತಂದು ಜೋಡಿಸುತ್ತದೆ. ಕ್ಯಾಮೆರಾದ ಮೀಟರು ಮಂಜಿನ ಬಿಳುಪನ್ನು ಬೂದುಬಣ್ಣವಾಗಿ ಎಣಿಸುವುದರಿಂದ ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪಿನಷ್ಟು ಹೆಚ್ಚಿಸಬೇಕು.

ಬೆಟ್ಟದಿಂದ ಇಳಿದ ಮೇಲೆ ಆಲೆಮನೆಯೊಂದನ್ನು ಹುಡುಕಿಕೊಂಡು ಹೋಗಬಹುದು. ಗಾಣದಿಂದ ಇಳಿದ ಹಾಲು ಕೊಪ್ಪರಿಗೆಯಲ್ಲಿ ಕುದಿದು, ನೊರೆಯೆದ್ದು, ಪಾಕವಾಗಿ, ಅಚ್ಚಿಗೆ ಸುರಿಯುವವರೆಗೆ ಅಲ್ಲಿ ಹಬೆಗೂ ಹೊಗೆಗೂ ಕೊರತೆಯಿಲ್ಲ. ಮಾಡಿನ ಸಂದಿನಿಂದ ಓರೆಯಾಗಿ ಬೀಳುವ ಬೆಳಗಿನ ಬಿಸಿಲು ಆ ಹಬೆಯಲ್ಲಿ ಕೋಲುಕೋಲಾಗಿ ಮೂಡುತ್ತದೆ. ಬಿಸಿಲಕೋಲು ಎದ್ದು ತೋರಬೇಕಾದರೆ ಅದರ ಹಿಂದೆ ಕತ್ತಲ ಗೋಡೆಯಿರುವಂತೆ ನಿಲ್ಲಬೇಕು; ಐಎಸ್ಒ 1600, ಷಟರು 1/125 ರ ಸುಮಾರು. ಕೊಪ್ಪರಿಗೆಯ ಹತ್ತಿರ ಲೆನ್ಸಿಗೆ ಹಬೆ ತಾಗಿ ಸಕ್ಕರೆಯ ಅಂಟು ಹತ್ತುವುದರಿಂದ ನಾಲ್ಕು ಹೆಜ್ಜೆ ಹಿಂದೆಯೇ ಇರುವುದು ಕ್ಷೇಮ. ಕೆಲಸದವರನ್ನು ಕೇಳಿ, ಅವರು ಒಪ್ಪಿದ ಮೇಲೆ ಕ್ಯಾಮೆರಾ ತೆರೆಯಬೇಕು. ತೆಗೆದ ಚಿತ್ರವೊಂದನ್ನು ಪ್ರಿಂಟು ಹಾಕಿಸಿ ತಂದುಕೊಡುವವನಿಗೆ ಮರುವರ್ಷ ಬಾಗಿಲು ತಾನಾಗಿ ತೆರೆದಿರುತ್ತದೆ.

ಮಾಘ, ಫಾಲ್ಗುಣಗಳಲ್ಲಿ ಎಲೆ ಉದುರಿದ ಮರಗಳ ಆಕಾರವೂ ಮುತ್ತುಗದ ಹೂವೂ ಹೊಂಗೆಯ ಹೊಸ ಚಿಗುರೂ ವಿಷಯವನ್ನೊದಗಿಸುತ್ತವೆ. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಜನಸಾಗರವೇ ಸೇರುವುದರಿಂದ, ಭೂದೃಶ್ಯಕ್ಕಾಗಿ ಹೋಗುವವರು ಆ ದಿನಗಳನ್ನು ಬಿಟ್ಟು ಹೋಗುವುದು ವಿವೇಕ.

ನಿಯಮ, ನಡತೆ

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಅಣೆಕಟ್ಟಿನ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ; ಅಲ್ಲಿಯೂ ದೇವಸ್ಥಾನಗಳ ಬಳಿಯಲ್ಲಿಯೂ ಡ್ರೋನ್ ಹಾರಿಸುವ ಯೋಚನೆಯನ್ನೇ ಮಾಡಬಾರದು. ಮೇಲುಕೋಟೆಯ ಸುತ್ತಲಿನ ಕಾಡು ವನ್ಯಧಾಮವಾಗಿರುವುದರಿಂದಲೂ ಕುಂತಿಬೆಟ್ಟವನ್ನು ಕತ್ತಲಿನಲ್ಲಿ ಹತ್ತುವುದು ಅಪಾಯಕರವಾದುದರಿಂದಲೂ, ನಸುಕಿನಲ್ಲಿ ಹೊರಡುವ ಮುನ್ನ ಅರಣ್ಯ ಇಲಾಖೆಯವರನ್ನು ವಿಚಾರಿಸತಕ್ಕದ್ದು. ಗದ್ದೆಯ ಬದು ಒಬ್ಬರ ದುಡಿಮೆ. ಹೊಸದಾಗಿ ಮಣ್ಣು ಮೆತ್ತಿದ ಬದುವಿನ ಮೇಲೆ ಕಾಲಿಟ್ಟರೆ ಅದು ಕುಸಿದು ನೀರು ಹರಿದುಹೋಗುತ್ತದೆ. ಗದ್ದೆಯವರು ಕಂಡರೆ, “ಯಜಮಾನ್ರೇ, ಒಂದು ಫೋಟೊ ತೆಕ್ಕೊಂಡು ಹೋಗ್ತೀನಿ, ಎಲ್ಲಿ ನಿಂತ್ಕೊಬಹುದು?” ಎಂದು ಕೇಳುವ ಸೌಜನ್ಯವಿದ್ದರೆ, ಅವರು ಜಾಗವನ್ನಷ್ಟೇ ಅಲ್ಲದೆ ನಾಳೆ ನಾಟಿ ಎಲ್ಲಿ, ನಾಡಿದ್ದು ಕುಯ್ಲು ಎಲ್ಲಿ ಎಂಬುದನ್ನೂ ತಿಳಿಸುತ್ತಾರೆ.

ಸಂಗ್ರಹ

ವರ್ಷದ ಕೊನೆಯಲ್ಲಿ ಉಳಿಯಬೇಕಾದುದು ಹನ್ನೆರಡೋ ಹದಿನೈದೋ ಚಿತ್ರಗಳು. ಒಂದು ತಾಣದ ಚಿತ್ರವನ್ನಾದರೂ ಪ್ರತಿ ಋತುವಿನಲ್ಲಿಯೂ ಅದೇ ಕಲ್ಲಿನ ಮೇಲೆ, ಅದೇ ಎತ್ತರದಲ್ಲಿ, ಅದೇ ಲೆನ್ಸಿನಲ್ಲಿ ತೆಗೆದಿರಬೇಕು. ಹಿಂದಿನ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಹೋದರೆ ಚೌಕಟ್ಟನ್ನು ಹೊಂದಿಸುವುದು ಸುಲಭ. ಮೂಲ ಕಡತಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ, ಇಡುವುದು ಒಳ್ಳೆಯದು. ಆರಿಸಿದ ಚಿತ್ರಗಳನ್ನು ಪ್ರಿಂಟು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ತಾಣ, ದಿನಾಂಕ, ಹೊತ್ತು, ಮಳೆನಕ್ಷತ್ರ ಇವಿಷ್ಟನ್ನು ಬರೆಯಬೇಕು. ವಿಮರ್ಶೆಯನ್ನು ಬಯಸುವವರಿಗೆ, 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿಗಳ ಸಂಘಗಳು ನಮ್ಮ ನಾಡಿನಲ್ಲಿ ಉಂಟು.

ಹೀಗೆ ದಿನಾಂಕ ಹೊತ್ತ ಚಿತ್ರಗಳು ಕಾಲಕ್ರಮದಲ್ಲಿ ಕಲೆಯ ಪರಿಧಿಯನ್ನು ಮೀರಿ ಸಾಕ್ಷ್ಯಗಳಾಗುತ್ತವೆ. ಕೆರೆಯ ಅಂಚು ಎಷ್ಟು ಹಿಂದೆ ಸರಿಯಿತು, ಏರಿಯ ಮೇಲಿನ ಯಾವ ಮರವನ್ನು ಕಡಿದರು, ಭತ್ತದ ಬಯಲಿನಲ್ಲಿ ಲೇಔಟು ಯಾವಾಗ ಎದ್ದಿತು, ಗುಡ್ಡದ ಯಾವ ಮೈಯನ್ನು ಕಲ್ಲುಗಣಿ ಕರಗಿಸಿತು ಎಂಬ ಪ್ರಶ್ನೆಗಳಿಗೆ ಗ್ರಾಮಸಭೆಯಲ್ಲಿ ಮಾತಿನಿಂದ ಕೊಡಲಾಗದ ಉತ್ತರವನ್ನು ಒಂದೇ ತಾಣದಿಂದ ತೆಗೆದ ಎರಡು ಚಿತ್ರಗಳು ಕೊಡಬಲ್ಲವು. ಪ್ರವಾಸಿಯ ಆಲ್ಬಮ್ಮಿನಲ್ಲಿ ಅಂತಹ ಜೋಡಿ ದೊರೆಯುವುದಿಲ್ಲ. ಆದಕಾರಣ ಸಂಗ್ರಹದ ಒಂದು ಪ್ರತಿಯನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟಿಟ್ಟು, ಮುಂದಿನ ಅಶ್ವಿನಿಗೆ ಅದೇ ಕಲ್ಲಿನ ಮೇಲೆ ಮತ್ತೆ ಟ್ರೈಪಾಡನ್ನು ಊರುವ ಏರ್ಪಾಟನ್ನು ಮಾಡಿಕೊಳ್ಳಬೇಕು.